ಕಬ್ಬಿಣದಲ್ಲಿ ಸೀಮೆಯ ಗುರುತು: ಜಪಾನಿನ ಹಳೆಯ ತ್ಸುಬಾಗಳ ಪ್ರಾದೇಶಿಕ ಪರಂಪರೆಗಳು

ಜಪಾನಿನ ಕತ್ತಿಯಲ್ಲಿ ಹಿಡಿಗೂ ಅಲಗಿಗೂ ನಡುವೆ ಕೂರುವ ಲೋಹದ ಬಿಲ್ಲೆಗೆ ತ್ಸುಬಾ ಎಂದು ಹೆಸರು. ಇರಿಯುವಾಗ ಕೈ ಅಲಗಿನ ಮೇಲೆ ಜಾರದಂತೆ ತಡೆಯುವುದು, ಎದುರಾಳಿಯ ಪೆಟ್ಟು ಬೆರಳಿಗೆ ತಗುಲದಂತೆ ಕಾಯುವುದು, ಉದ್ದನೆಯ ಅಲಗಿನ ತೂಕವನ್ನು ಹಿಡಿಯ ಬಳಿ ಸರಿದೂಗಿಸುವುದು ಇದರ ಕೆಲಸ. ಸಾಮಾನ್ಯವಾಗಿ 7ರಿಂದ 8 ಸೆಂಟಿಮೀಟರ್ ಅಗಲ, 4ರಿಂದ 6 ಮಿಲಿಮೀಟರ್ ದಪ್ಪ ಇರುವ ಈ ಸಣ್ಣ ವಸ್ತುವಿನ ಮೇಲೆ ಕತ್ತಿ ಕಮ್ಮಾರರು, ಕವಚ ಮಾಡುವವರು, ಬಂದೂಕು ಮಾಡುವವರು ಮತ್ತು ಅಕ್ಕಸಾಲಿಗಳು ಶತಮಾನಗಳ ಕಾಲ ತಮ್ಮ ಕೌಶಲವನ್ನೆಲ್ಲ ಸುರಿದಿದ್ದಾರೆ. ಅದರಿಂದಾಗಿ ಕತ್ತಿಯಿಂದ ಬೇರ್ಪಟ್ಟ ಮೇಲೂ ತ್ಸುಬಾ ತಾನೇ ಒಂದು ಸ್ವತಂತ್ರ ಕಲಾಕೃತಿಯಾಗಿ ಉಳಿದಿದೆ. ಇಂದು ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಇರುವ ತ್ಸುಬಾಗಳಲ್ಲಿ ಬಹುಪಾಲು ಯಾವ ಕತ್ತಿಗೂ ಸೇರದೆ ಒಂಟಿಯಾಗಿಯೇ ಇವೆ.

ಹೀಗೆ ಒಂಟಿಯಾದ, ಸಹಿಯೂ ಇಲ್ಲದ ಒಂದು ಕಬ್ಬಿಣದ ಬಿಲ್ಲೆಯನ್ನು ಕೈಗೆತ್ತಿಕೊಂಡು, ಇದು ಒವಾರಿ ಸೀಮೆಯದು, ಇದು ಹಿಗೊ ಸೀಮೆಯದು ಎಂದು ಬಲ್ಲವರು ನಿರ್ಣಯಿಸುತ್ತಾರೆ. ಈ ಪರೀಕ್ಷೆಗೆ ಜಪಾನಿನಲ್ಲಿ ಕಾಂತೇಯಿ ಎನ್ನುತ್ತಾರೆ. ಅದಕ್ಕೆ ಆಧಾರವೇನು, ಆ ಆಧಾರ ಎಷ್ಟು ಗಟ್ಟಿ, ಎಲ್ಲಿ ಅದು ಕೈಕೊಡುತ್ತದೆ ಎಂಬುದು ಇಲ್ಲಿಯ ವಿಷಯ. ಚಿತ್ತಾರವು ಒಂದು ಸೀಮೆಯಿಂದ ಇನ್ನೊಂದಕ್ಕೆ ಬಹು ಸುಲಭವಾಗಿ ಸಾಗುತ್ತದೆ, ಆದರೆ ಕಬ್ಬಿಣವನ್ನು ಬಡಿದು ಹದಗೊಳಿಸುವ, ಅಂಚನ್ನು ಮುಗಿಸುವ, ಮೇಲ್ಮೈಗೆ ಬಣ್ಣ ಬರಿಸುವ ಕೈರೂಢಿಯು ಗುರುವಿನಿಂದ ಶಿಷ್ಯನಿಗೆ ಮಾತ್ರ ದಾಟುತ್ತದೆ. ಆದ್ದರಿಂದ ಮೊದಲು ಕಣ್ಣಿಗೆ ಬೀಳುವ ಚಿತ್ತಾರವನ್ನು ಕೊನೆಗಿಟ್ಟು, ಯಾರೂ ನೋಡದ ಭಾಗಗಳಿಂದ ಪರೀಕ್ಷೆ ಆರಂಭಿಸಬೇಕೆಂಬುದು ಈ ಉಪನ್ಯಾಸದ ನಿಲುವು.

ಆ ಭಾಗಗಳ ಪರಿಚಯ ಮೊದಲು ಆಗಬೇಕು. ಬಿಲ್ಲೆಯ ನಡುವೆ ಅಲಗಿನ ಬಾಲ ತೂರಿಹೋಗಲು ತ್ರಿಕೋನವನ್ನು ಹೋಲುವ ಒಂದು ಕಿಂಡಿ ಇರುತ್ತದೆ, ಇದು ನಕಾಗೊ-ಅನ. ಅದರ ಸುತ್ತ ಮೊಟ್ಟೆಯಾಕಾರದ, ಚಿತ್ತಾರವಿಲ್ಲದ ಸಮತಟ್ಟು ಜಾಗವಿದ್ದು, ತ್ಸುಬಾವನ್ನು ಬಿಗಿಯಾಗಿ ಕೂರಿಸುವ ತೆಳು ತಗಡುಗಳು ಅದರ ಮೇಲೆ ಕೂರುವುದರಿಂದ ಅದಕ್ಕೆ ಸೆಪ್ಪ-ದೈ ಎಂಬ ಹೆಸರು ಬಂದಿದೆ. ಸಹಿ ಇದ್ದರೆ ಸಾಮಾನ್ಯವಾಗಿ ಇಲ್ಲಿಯೇ ಇರುತ್ತದೆ, ಕತ್ತಿ ಜೋಡಿಸಿದಾಗ ಮರೆಯಾಗುತ್ತದೆ. ನಡುಗಿಂಡಿಯ ಎರಡೂ ಪಕ್ಕ ಕಾಣಬರುವ ಚಿಕ್ಕ ಕಿಂಡಿಗಳು ಹಿತ್ಸು-ಅನ. ಒರೆಯ ಪಕ್ಕಕ್ಕೆ ಸಿಕ್ಕಿಸಿದ ಕೊಝುಕ ಎಂಬ ಕಿರುಚಾಕು ಒಂದರಿಂದಲೂ, ಕೊಗೈ ಎಂಬ ಕೂದಲು ಸರಿಪಡಿಸುವ ಕಡ್ಡಿ ಇನ್ನೊಂದರಿಂದಲೂ ಹೊರಬರುತ್ತವೆ. ಸುತ್ತಲಿನ ಅಂಚು ಮಿಮಿ. ನಡುಗಿಂಡಿಯ ಮೇಲ್ತುದಿ ಕೆಳತುದಿಗಳಲ್ಲಿ ಅಲಗಿನ ಅಳತೆಗೆ ಹೊಂದಿಸಲು ಬಡಿದು ಕೂರಿಸಿದ ತಾಮ್ರದ ತುಂಡುಗಳು ಹಲವೆಡೆ ಸಿಗುತ್ತವೆ. ಅವು ಇದ್ದರೆ ಆ ತ್ಸುಬಾ ನಿಜವಾಗಿ ಕತ್ತಿಗೆ ಏರಿತ್ತು, ಬಹುಶಃ ಒಂದಕ್ಕಿಂತ ಹೆಚ್ಚು ಕತ್ತಿಗಳಿಗೆ ಏರಿತ್ತು ಎಂದು ತಿಳಿಯಬಹುದು.

ಎಲ್ಲ ಗುಂಪುಗಳೂ ಸೀಮೆಯ ಹೆಸರಿನವಲ್ಲ ಎಂಬುದನ್ನು ಆರಂಭದಲ್ಲಿಯೇ ಹೇಳಬೇಕು. ಅತ್ಯಂತ ಹಳೆಯ ಕಬ್ಬಿಣದ ತ್ಸುಬಾಗಳನ್ನು ಕತ್ತಿ ಕಮ್ಮಾರರ ಕೆಲಸ, ಕವಚ ಮಾಡುವವರ ಕೆಲಸ ಎಂದು ಕಸುಬಿನ ಹೆಸರಿನಿಂದ ವಿಂಗಡಿಸುವುದು ವಾಡಿಕೆ. ತೆಳುವಾದ ಅಗಲ ತಗಡಿನಲ್ಲಿ ಒಂದೆರಡು ಸಣ್ಣ ಆಕಾರಗಳನ್ನು ಕೊರೆದು ಬಿಟ್ಟಿರುವ ಈ ಬಿಲ್ಲೆಗಳಿಗೆ ಊರು ಹೇಳುವುದು ಬಹುಮಟ್ಟಿಗೆ ಊಹೆಯೇ ಸರಿ. ಸೀಮೆಯ ಗುರುತು ಗಟ್ಟಿಗೊಳ್ಳುವುದು ಮುರೊಮಾಚಿ ಕಾಲದ ಉತ್ತರಾರ್ಧದಲ್ಲಿ, ಅಂದರೆ 15-16ನೆಯ ಶತಮಾನಗಳಲ್ಲಿ. ಅದು ಸ್ಪಷ್ಟವಾಗಿ ಬೇರೂರುವುದು 1603ರ ನಂತರದ ಎಡೊ ಕಾಲದಲ್ಲಿ. ಆಗ ದೇಶವು ಇನ್ನೂರೈವತ್ತಕ್ಕೂ ಹೆಚ್ಚು ಪಾಳೆಯಪಟ್ಟುಗಳಾಗಿ ಹಂಚಿಹೋಗಿತ್ತು, ಹಲವು ಒಡೆಯರು ತಮ್ಮ ಕೋಟೆಪೇಟೆಯಲ್ಲಿ ಕುಶಲಕರ್ಮಿಗಳನ್ನು ಅಕ್ಕಿಯ ಸಂಬಳ ಕೊಟ್ಟು ಇಟ್ಟುಕೊಂಡಿದ್ದರು, ಆ ಮನೆತನಗಳು ತಲೆಮಾರುಗಳ ಕಾಲ ಒಂದೇ ಊರಿನಲ್ಲಿ ಒಂದೇ ಒಡೆಯನ ಅಭಿರುಚಿಗೆ ತಕ್ಕಂತೆ ದುಡಿದವು. ಪ್ರಾದೇಶಿಕ ಪರಂಪರೆ ಎಂದು ಇಂದು ಕರೆಯುವುದರ ಹಿಂದೆ ಮಣ್ಣಿನ ಗುಣಕ್ಕಿಂತ ಈ ಆಶ್ರಯದ ವ್ಯವಸ್ಥೆಯೇ ಹೆಚ್ಚಾಗಿದೆ. ಅದೇ ಕಾಲದಲ್ಲಿ ಅದಕ್ಕೆ ವಿರುದ್ಧವಾದ ಸೆಳೆತವೂ ಇತ್ತು: 1635ರಲ್ಲಿ ಕಟ್ಟಳೆಯಾದ ಪದ್ಧತಿಯಂತೆ ಒಡೆಯರು ಸರದಿಯಲ್ಲಿ ತಮ್ಮ ಪರಿವಾರ ಸಮೇತ ಎಡೊ ನಗರಕ್ಕೆ ಬಂದು ಇರಬೇಕಾಗಿದ್ದುದರಿಂದ, ಪರಿವಾರದ ಕರ್ಮಿಗಳಿಗೆ ರಾಜಧಾನಿಯ ಕೆಲಸ ಕಾಣುವ, ಕೆಲವರಿಗೆ ಅಲ್ಲಿಯೇ ಕಲಿಯುವ ಅವಕಾಶ ಸಿಕ್ಕಿತು. ಒಂದು ಸೀಮೆಯ ಚಿತ್ತಾರ ಇನ್ನೊಂದು ಸೀಮೆಯ ಕಬ್ಬಿಣದ ಮೇಲೆ ಕಾಣುವುದಕ್ಕೆ ಇದು ಮುಖ್ಯ ಕಾರಣ.

ಹಿನ್ನೆಲೆಯನ್ನು ತೆಗೆದುಹಾಕಿ ಆಕೃತಿಯನ್ನು ಮಾತ್ರ ಉಳಿಸುವ ಕೊರೆತದ ಕೆಲಸಕ್ಕೆ ಸುಕಾಶಿ ಎನ್ನುತ್ತಾರೆ. ಕ್ಯೋಟೊ ನಗರದ ಕ್ಯೋ-ಸುಕಾಶಿ ಮತ್ತು ಇಂದಿನ ನಗೋಯಾ ಸುತ್ತಲಿನ ಒವಾರಿ ಸೀಮೆಯ ಸುಕಾಶಿ, ಇವೆರಡನ್ನು ಜೊತೆಗಿಟ್ಟು ನೋಡುವುದರಿಂದಲೇ ಈ ವಿದ್ಯೆಯ ಅಭ್ಯಾಸ ಆರಂಭವಾಗುತ್ತದೆ. ಕ್ಯೋಟೊದ ಕೆಲಸದಲ್ಲಿ ಗೆರೆಗಳು ಸಪೂರ, ಹೂವು ಹಕ್ಕಿ ನೀರಿನಲೆಗಳು ನಯವಾಗಿ ಬಾಗಿ ಒಂದನ್ನೊಂದು ಮುಟ್ಟುತ್ತವೆ, ಸೆಪ್ಪ-ದೈ ಕೂಡ ಉದ್ದಕ್ಕೆ ಸಪೂರವಾಗಿರುತ್ತದೆ, ಕಬ್ಬಿಣದ ಮೇಲ್ಮೈ ನುಣುಪಾಗಿ ಶಾಂತವಾಗಿರುತ್ತದೆ. ಒವಾರಿಯ ಕೆಲಸದಲ್ಲಿ ಗೆರೆಗಳು ದಪ್ಪ, ವಿನ್ಯಾಸ ಎಡಬಲಕ್ಕೂ ಮೇಲೆ ಕೆಳಗೂ ಸಮವಾಗಿ ಹಂಚಿದ್ದು, ಅಂಚು ಚೌಕವಾಗಿ ನಿಲ್ಲುತ್ತದೆ. ವಸ್ತುವನ್ನು ಇದ್ದಂತೆ ಚಿತ್ರಿಸುವುದಕ್ಕಿಂತ ಅದನ್ನು ಒಂದು ಲಾಂಛನದ ಬಿಗುವಿಗೆ ತರುವುದು ಒವಾರಿಯವರ ಒಲವು. ಈ ಲಕ್ಷಣಗಳನ್ನು ಪಾಠ ಮಾಡಿಕೊಂಡವರೂ ಎಡವುತ್ತಾರೆ, ಏಕೆಂದರೆ ದಪ್ಪ ಗೆರೆಯ ಕ್ಯೋಟೊ ತ್ಸುಬಾಗಳೂ ಇವೆ, ಕೋಮಲವಾದ ಒವಾರಿ ತ್ಸುಬಾಗಳೂ ಇವೆ.

ಆಗ ನೋಡಬೇಕಾದದ್ದು ಅಂಚನ್ನು. ಒವಾರಿಯ ಹಳೆಯ ತ್ಸುಬಾವನ್ನು ಬೆಳಕಿಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿದರೆ, ಅಂಚಿನ ಪಕ್ಕದಲ್ಲಿ ಸುತ್ತಲಿನ ಕಬ್ಬಿಣಕ್ಕಿಂತ ತುಸು ಹೊಳಪಾದ, ಬೆರಳ ತುದಿಗೆ ಉಬ್ಬೆಂದು ತಿಳಿಯುವ ಗಂಟುಗಳೂ ಉದ್ದನೆಯ ಎಳೆಗಳೂ ಸಿಗುತ್ತವೆ. ಇವಕ್ಕೆ ತೆಕ್ಕೊತ್ಸು, ಅಂದರೆ ಕಬ್ಬಿಣದ ಮೂಳೆ, ಎಂದು ಹೆಸರು. ಇಂಗಾಲ ಹೆಚ್ಚಾಗಿರುವ ಗಡಸು ಕಬ್ಬಿಣವೂ ಇಂಗಾಲ ಕಡಿಮೆಯಿರುವ ಮೆದು ಕಬ್ಬಿಣವೂ ಪೂರ್ತಿ ಬೆರೆಯದಂತೆ ಮಡಿಸಿ ಬಡಿದಾಗ, ಗಡಸು ಭಾಗ ಸವೆಯದೆ ಎದ್ದುನಿಂತು ಈ ಗಂಟುಗಳಾಗುತ್ತವೆ. ಕೆಲಸ ಮುಗಿದ ಮೇಲೆ ಬಿಲ್ಲೆಯನ್ನು ಮತ್ತೆ ಕುಲುಮೆಯಲ್ಲಿ ಕಾಯಿಸಿ ಮೇಲ್ಮೈ ತುಸು ಕರಗಿದಂತೆ ಮಾಡುವ ಯಾಕಿತೆ ಎಂಬ ವಿಧಾನವೂ ಒವಾರಿಯವರಲ್ಲಿತ್ತು. ಅದರಿಂದ ಉಳಿಯ ಚೂಪು ಗುರುತುಗಳು ಮೆತ್ತಗಾಗಿ, ಬಿಲ್ಲೆಯು ಎರೆದಂತೆಯೂ ಅಲ್ಲದ, ಅರದಿಂದ ಉಜ್ಜಿದಂತೆಯೂ ಅಲ್ಲದ ಒಂದು ತೇವದ ಹೊಳಪನ್ನು ಪಡೆಯುತ್ತದೆ. ಕ್ಯೋಟೊದ ನುಣುಪಿನಲ್ಲಿ ಈ ಮೂಳೆಗಳು ಸಾಮಾನ್ಯವಾಗಿ ಎದ್ದು ಕಾಣುವುದಿಲ್ಲ. ಅಂದಮೇಲೆ ಚಿತ್ತಾರ ಕ್ಯೋಟೊ ಎನ್ನುತ್ತಿದ್ದು ಅಂಚು ಒವಾರಿ ಎನ್ನುತ್ತಿದ್ದರೆ ಅಂಚಿನ ಮಾತಿಗೆ ಹೆಚ್ಚು ಬೆಲೆ ಕೊಡಬೇಕು.

ಒವಾರಿಯ ನೆರೆಯಲ್ಲಿಯೇ ಇಡುವ ಕನಯಾಮ ಎಂಬ ಗುಂಪು ಗಾತ್ರದಲ್ಲಿ ಚಿಕ್ಕದು, ದಪ್ಪದಲ್ಲಿ ಹೆಚ್ಚು. ಅದರಲ್ಲಿ ಮೂಳೆಗಳು ಮತ್ತಷ್ಟು ಒರಟಾಗಿ ಎದ್ದಿರುತ್ತವೆ. ಈ ತ್ಸುಬಾಗಳನ್ನು ಮಾಡಿದವರ ನೆಲೆ ಎಲ್ಲಿತ್ತೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲದಿದ್ದರೂ, ಅವು ಒಂದೇ ಕೈರೂಢಿಯ ಕೂಸುಗಳೆಂಬುದರಲ್ಲಿ ಅಷ್ಟು ಅನುಮಾನವಿಲ್ಲ. ಗುಂಪನ್ನು ಗುರುತಿಸುವುದೂ ಅದರ ಊರನ್ನು ಗುರುತಿಸುವುದೂ ಎರಡು ಬೇರೆ ಕೆಲಸಗಳೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಎಡೊ ನಗರದ ಅಕಸಾಕ ಬಡಾವಣೆಯ ಹೆಸರು ಹೊತ್ತ ಪರಂಪರೆ 17ನೆಯ ಶತಮಾನದ್ದು. ಇದರ ಮೂಲಪುರುಷ ತದಾಮಾಸ ಕ್ಯೋಟೊದಿಂದ ಬಂದವನೆಂದೂ, ಕರಿಗಾನೆಯ ಹಿಕೊಬೇಯಿ ಎಂಬ ವರ್ತಕ ಅವನನ್ನು ಕರೆತಂದು ವಿನ್ಯಾಸಗಳನ್ನು ಒದಗಿಸಿದನೆಂದೂ ಪರಂಪರೆ ಹೇಳುತ್ತದೆ. ತದಾಮಾಸ ತೀರಿಕೊಂಡದ್ದು 1657ರಲ್ಲಿ. ಕ್ಯೋಟೊದ ಸೊಬಗೂ ಒವಾರಿಯ ಬಿಗುವೂ ಕೂಡಿದಂತಿರುವ ಈ ತ್ಸುಬಾಗಳಲ್ಲಿ ಕೊರೆದ ಆಕೃತಿಗಳ ಅಂಚುಗಳನ್ನು ತುಸು ಉರುಟು ಮಾಡಿರುತ್ತಾರೆ; ಮೂರು ಪದರ ಕಬ್ಬಿಣವನ್ನು ಒಂದಾಗಿ ಬೆಸೆದು ಬಿಲ್ಲೆ ಮಾಡುವುದು ಇವರ ರೂಢಿಯೆಂದು ಹೇಳುತ್ತಾರೆ, ಕೆಲವು ತ್ಸುಬಾಗಳ ಅಂಚಿನಲ್ಲಿ ಪದರದ ಗೆರೆ ಬರಿಗಣ್ಣಿಗೇ ಕಾಣುವುದುಂಟು. ಮೊದಲ ಮೂರು ತಲೆಮಾರುಗಳ ಕೆಲಸದಲ್ಲಿ ಸಹಿ ಇರುವುದು ಅಪರೂಪ, ತದಾತೊಕಿ ಎಂಬ ಹೆಸರಿನ ನಂತರದವರು ಸಹಿ ಹಾಕುತ್ತಾರೆ. ಹೀಗಾಗಿ ಈ ಪರಂಪರೆಯ ಆರಂಭದ ಕೆಲಸವನ್ನು ಗುರುತಿಸುವವರು ಸಹಿಯುಳ್ಳ ನಂತರದ ಕೆಲಸದಿಂದ ಹಿಂದಕ್ಕೆ ನಡೆದುಬರಬೇಕಾಗುತ್ತದೆ.

ಸೀಮೆ, ಒಡೆಯ, ಕರ್ಮಿ ಮತ್ತು ದಾಖಲೆ, ನಾಲ್ಕೂ ಒಟ್ಟಿಗೆ ಸಿಗುವ ಪರಂಪರೆ ಎಂದರೆ ಕ್ಯುಶು ದ್ವೀಪದ ಹಿಗೊ ಸೀಮೆಯದು, ಅಂದರೆ ಇಂದಿನ ಕುಮಾಮೊಟೊ. ಈ ವಿದ್ಯೆಯ ಎಲ್ಲ ಸುಖವೂ ಎಲ್ಲ ಕಷ್ಟವೂ ಇಲ್ಲಿ ಒಂದೇ ಕಡೆ ದೊರೆಯುವುದರಿಂದ ಇದನ್ನು ವಿಸ್ತಾರವಾಗಿ ನೋಡುವುದು ಉಚಿತ. ಹೋಸೊಕಾವಾ ಮನೆತನ 1632ರಲ್ಲಿ ಕುಮಾಮೊಟೊದ ಒಡೆತನ ಪಡೆಯಿತು. ಅಷ್ಟು ಹೊತ್ತಿಗೆ ಅಧಿಕಾರವನ್ನು ಮಗನಿಗೆ ಬಿಟ್ಟು ಸಾನ್ಸಾಯಿ ಎಂಬ ಹೆಸರಿನಿಂದ ನಿವೃತ್ತನಾಗಿದ್ದ ಹೋಸೊಕಾವಾ ತದಾಓಕಿ (1563–1646) ದಕ್ಷಿಣದ ಯತ್ಸುಶಿರೊ ಕೋಟೆಯಲ್ಲಿ ನೆಲೆಸಿದ. ರಣರಂಗ ಕಂಡ ಸೇನಾನಿಯೂ, ಚಹಾ ಆಚರಣೆಯ ಮಹಾಗುರು ಸೆನ್ ನೊ ರಿಕ್ಯುವಿನ ನೇರ ಶಿಷ್ಯನೂ ಆಗಿದ್ದ ಇವನು ತನ್ನ ಕತ್ತಿಯ ಹಿಡಿ, ಒರೆ, ತ್ಸುಬಾ ಎಲ್ಲದರಲ್ಲಿಯೂ ಚಹಾ ಮನೆಯ ಮಿತವ್ಯಯದ ರುಚಿಯನ್ನೇ ಬಯಸಿದ. ಅವನ ಸುತ್ತ ಸೇರಿದ ಕರ್ಮಿಗಳಿಂದ ನಾಲ್ಕು ಮನೆತನಗಳು ಬೆಳೆದವು.

ಅವುಗಳಲ್ಲಿ ಹಿರಾತ ಹಿಕೊಜೊ ತಾಮ್ರ, ಹಿತ್ತಾಳೆಗಳಂಥ ಮೆದು ಲೋಹಗಳಲ್ಲಿ ಹೆಚ್ಚು ಕೆಲಸ ಮಾಡಿದವನು; ಅವನ ಬಿಲ್ಲೆಗಳಿಗೆ ಬೇರೊಂದು ಲೋಹದ ಅಂಚುಕಟ್ಟು ಇರುವುದು ಸಾಮಾನ್ಯ, ಮೇಲ್ಮೈಯ ಬಣ್ಣದ ಏರಿಳಿತವೇ ಅವುಗಳ ಅಲಂಕಾರ. ಅವನ ಬಳಿ ಪಳಗಿದ ಶಿಮಿಜು ಜಿಂಗೊ ಕಬ್ಬಿಣದ ಮೇಲೆ ಗಿಡುಗದಂಥ ಹಕ್ಕಿಗಳನ್ನು ಹಿತ್ತಾಳೆಯಲ್ಲಿ ದಪ್ಪವಾಗಿ ಕೂರಿಸುವುದಕ್ಕೆ ಹೆಸರಾದ. ಅದೇ ಹಿಕೊಜೊನ ಇನ್ನೊಬ್ಬ ಶಿಷ್ಯ ನಿಶಿಗಾಕಿ ಕಾನ್‌ಶಿರೊ (1613–1693) ಸುಕಾಶಿಯಲ್ಲಿ ಒಂದು ಸಡಿಲ ನಡೆಯನ್ನು ತಂದ: ಅವನ ವೃತ್ತ ಪೂರ್ತಿ ವೃತ್ತವಲ್ಲ, ಎಡಬಲ ಪೂರ್ತಿ ಸಮವಲ್ಲ, ಆದರೂ ಎಲ್ಲಿಯೂ ಕೈ ತಪ್ಪಿದಂತೆ ತೋರುವುದಿಲ್ಲ. ನಾಲ್ಕನೆಯವನು ಹಯಾಶಿ ಮತಾಶಿಚಿ. ಇವನ ಮನೆತನ ಮೂಲತಃ ಒವಾರಿಯದು. ಹೋಸೊಕಾವಾದವರಿಗಿಂತ ಮೊದಲು ಹಿಗೊವನ್ನು ಆಳುತ್ತಿದ್ದ ಕಾತೊ ಕಿಯೊಮಾಸನ ಜೊತೆ ಬಂದೂಕು ಮಾಡುವವರಾಗಿ ಇಲ್ಲಿಗೆ ಬಂದವರು, ಒಡೆತನ ಬದಲಾದಾಗ ಹೊಸ ಒಡೆಯರ ಸೇವೆಗೆ ಸೇರಿದವರು. ಕುಮಾಮೊಟೊದ ಕಸುಗ ಎಂಬಲ್ಲಿ ನೆಲೆಸಿದ್ದರಿಂದ ಇವರದನ್ನು ಕಸುಗ ಪರಂಪರೆ ಎಂದೂ ಕರೆಯುತ್ತಾರೆ.

ಬಂದೂಕಿನ ನಳಿಗೆ ಬಡಿದ ಕೈಗೆ ಕಬ್ಬಿಣದ ಒಳಗುಣ ಗೊತ್ತಿರುತ್ತದೆ, ನಳಿಗೆಯ ಮೇಲೆ ಚಿನ್ನದ ಅಲಂಕಾರ ಮಾಡಿದ ಅನುಭವವೂ ಇರುತ್ತದೆ. ಮತಾಶಿಚಿಯ ತ್ಸುಬಾಗಳಲ್ಲಿ ಇವೆರಡೂ ಕಾಣುತ್ತವೆ. ಅವನ ಕಬ್ಬಿಣ ಬಹಳ ನುಣುಪಾಗಿ, ಕಪ್ಪಿನೊಳಗೆ ನೇರಳೆಯ ಛಾಯೆಯಿಟ್ಟುಕೊಂಡು ಒಳಗಿನಿಂದ ಹೊಳೆಯುವಂತೆ ಇರುತ್ತದೆ; ಮೇಲ್ಮೈಗೆ ಸೂಕ್ಷ್ಮವಾದ ಅಡ್ಡಗೆರೆ ಉದ್ದಗೆರೆಗಳನ್ನು ಉಳಿಯಿಂದ ಗೀರಿ, ಅವುಗಳ ಮೇಲೆ ತೆಳುವಾದ ಚಿನ್ನದ ಹಾಳೆಯನ್ನು ಒತ್ತಿ ಬಡಿದು ಕಚ್ಚಿಸುವ ನುನೊಮೆ ಜೋಗಾನ್ ಎಂಬ ಕೆಲಸದಲ್ಲಿ ಅವನನ್ನು ಮೀರಿಸಿದವರು ಕಡಿಮೆ. ಟೋಕಿಯೊದ ಎಯ್‌ಸೆಯ್ ಬುಂಕೊ ಸಂಗ್ರಹದಲ್ಲಿರುವ, ಹೋಸೊಕಾವಾ ಮನೆತನದಿಂದಲೇ ಬಂದ, ಹರಿದ ಬೀಸಣಿಗೆ ಮತ್ತು ಚೆರ್ರಿ ಹೂಗಳ ತ್ಸುಬಾ ಇವನ ಕೈಯದು; ಜಪಾನ್ ಸರ್ಕಾರ ಅದನ್ನು ಮಹತ್ವದ ಸಾಂಸ್ಕೃತಿಕ ಆಸ್ತಿಯೆಂದು ಘೋಷಿಸಿದೆ. ಹರಿದು ಕಡ್ಡಿ ಉಳಿದ ಬೀಸಣಿಗೆಯನ್ನು ಒಡೆಯನ ಕತ್ತಿಗೆ ಅಲಂಕಾರವಾಗಿ ತರುವ ಧೈರ್ಯ ಚಹಾ ಮನೆಯ ರುಚಿಯಿಲ್ಲದೆ ಹುಟ್ಟುವಂಥದ್ದಲ್ಲ.

ಕಷ್ಟ ಇಲ್ಲಿಂದ ಶುರುವಾಗುತ್ತದೆ. ಮತಾಶಿಚಿಯ ವಿನ್ಯಾಸಗಳನ್ನು ಅವನ ವಂಶಜರು ಮುಂದುವರಿಸಿದರು, ಅವರಿಂದ ಕಮಿಯೊಶಿ ಮನೆತನ ಕಲಿಯಿತು. ಆ ಮನೆತನದ ಕಮಿಯೊಶಿ ರಾಕುಜು (1817–1884) ಎರಡು ಶತಮಾನ ಹಿಂದಿನ ಗುರುವಿನ ತ್ಸುಬಾಗಳನ್ನು ಗೆರೆಗೆ ಗೆರೆ ಹೊಂದುವಂತೆ ಮತ್ತೆ ಮಾಡಿದ. ರೆಕ್ಕೆ ಬಿಚ್ಚಿ ಬಿಲ್ಲೆಯನ್ನೇ ತುಂಬಿಕೊಂಡ ಕೊಕ್ಕರೆಯ ವಿನ್ಯಾಸ ಇಬ್ಬರಲ್ಲಿಯೂ ಇದೆ. ಚಿತ್ತಾರವನ್ನಷ್ಟೇ ನೋಡುವವರಿಗೆ ಇಬ್ಬರನ್ನೂ ಬೇರ್ಪಡಿಸುವ ದಾರಿಯೇ ಇಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ರಾಕುಜುವಿನ ಕಬ್ಬಿಣ ಹೆಚ್ಚು ಕಪ್ಪಗೆ, ಎಲ್ಲೆಡೆ ಒಂದೇ ಸಮ ಇರುವುದೂ, ಗರಿಗಳ ನಡುವಿನ ಕೊರೆತಗಳು ಅಳೆದಿಟ್ಟಂತೆ ನಿಖರವಾಗಿರುವುದೂ, ಮತಾಶಿಚಿಯಲ್ಲಿ ಅದೇ ಗೆರೆ ತುದಿಗೆ ಬರುವಾಗ ತುಸು ಉಸಿರು ಬಿಡುವುದೂ ಗೊತ್ತಾಗುತ್ತದೆ. ರಾಕುಜು ಕಡಿಮೆ ಕರ್ಮಿಯೇನಲ್ಲ. ಕೈಯ ಸ್ಥಿರತೆಯಲ್ಲಿ ಅವನು ಯಾರಿಗೂ ಬಿಟ್ಟುಕೊಡುವವನಲ್ಲ. ಆದರೆ ನಕಲು ಮಾಡುವ ಕೈ ತಲುಪಬೇಕಾದ ಜಾಗ ಮೊದಲೇ ಗೊತ್ತಿದ್ದು ಹೊರಡುತ್ತದೆ, ಮೊದಲು ಮಾಡಿದ ಕೈಗೆ ಆ ಖಚಿತತೆ ಇರುವುದಿಲ್ಲ. ಕಣ್ಣು ಪಳಗಿದಂತೆ ಈ ವ್ಯತ್ಯಾಸ ಲೋಹದ ಬಣ್ಣಕ್ಕಿಂತಲೂ ಮೊದಲು ಕಾಣತೊಡಗುತ್ತದೆ.

1876ರ ಮಾರ್ಚ್‌ನಲ್ಲಿ ಜಪಾನಿನ ಹೊಸ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿದಾಗ ಈ ಕಸುಬುಗಳ ಬೇರೇ ಅಲುಗಿತು. ಕತ್ತಿಗಳಿಂದ ಕಳಚಿದ ತ್ಸುಬಾಗಳು ರಾಶಿರಾಶಿಯಾಗಿ ಯುರೋಪು, ಅಮೆರಿಕಗಳಿಗೆ ಹೋದವು. ಬಾಸ್ಟನ್, ಲಂಡನ್, ಹ್ಯಾಂಬರ್ಗ್ ನಗರಗಳ ಸಂಗ್ರಹಗಳು ಹೀಗೆ ಬೆಳೆದವು. ಊರಿನೊಡನೆ, ಮನೆತನದೊಡನೆ, ಮನೆತನದ ನೆನಪಿನೊಡನೆ ಇದ್ದ ನಂಟು ಆ ಮಾರಾಟದಲ್ಲಿ ಕಡಿದುಹೋಯಿತು. ಪ್ರಾದೇಶಿಕ ಪರಂಪರೆಗಳ ಅಧ್ಯಯನವೆಂಬುದು ಈ ನಷ್ಟವನ್ನು ತುಂಬಿಕೊಳ್ಳುವ ಪ್ರಯತ್ನವಾಗಿಯೇ ಹುಟ್ಟಿತೆನ್ನಬಹುದು. 1902ರಲ್ಲಿ ಎರಡು ಮಹತ್ವದ ಪುಸ್ತಕಗಳು ಹೊರಬಂದವು: ಹ್ಯಾಂಬರ್ಗ್‌ನಲ್ಲಿ ಹಾರಾ ಶಿಂಕಿಚಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ, ಕತ್ತಿಯ ಅಲಂಕಾರ ಮಾಡಿದವರ ಹೆಸರು ಸಹಿಗಳ ಕೋಶ ಒಂದು, ಜಪಾನಿನಲ್ಲಿ ನಾಗಾಯ ಶಿಗೆನಾ ಹಿಗೊದ ಕರ್ಮಿಗಳನ್ನು ಕುರಿತೇ ಬರೆದ ‘ಹಿಗೊ ಕಿಂಕೊರೊಕು’ ಇನ್ನೊಂದು. ಮೊದಲನೆಯದು ಹೆಸರಿನಿಂದ ವಸ್ತುವಿಗೆ ಹೋಗುವ ದಾರಿ, ಎರಡನೆಯದು ಒಂದೇ ಸೀಮೆಯ ವಸ್ತುಗಳಿಂದ ಮತ್ತು ಸ್ಥಳೀಯ ತಿಳಿವಳಿಕೆಯಿಂದ ಹೆಸರಿಗೆ ಬರುವ ದಾರಿ. ಸಹಿಯಿಲ್ಲದ ಕಬ್ಬಿಣದ ವಿಷಯದಲ್ಲಿ ಎರಡನೆಯದೇ ಮುಂದಿನವರಿಗೆ ಹೆಚ್ಚು ಉಪಯೋಗಕ್ಕೆ ಬಂದಿತು. 20ನೆಯ ಶತಮಾನದಲ್ಲಿ ಅಕಿಯಾಮ ಕ್ಯೂಸಾಕು, ತೊರಿಗೊಯೆ ಕಾಜುಒ, ಸಾಸಾನೊ ಮಸಾಯುಕಿ ಮುಂತಾದವರು ಈ ನೋಟವನ್ನು ಇತರ ಸೀಮೆಗಳಿಗೂ ವಿಸ್ತರಿಸಿದರು.

ಸಹಿ ಇದ್ದರೆ ಕೆಲಸ ಹಗುರವಾಗುವುದು ನಿಜ. ಜಪಾನಿನ ಮುಖ್ಯ ದ್ವೀಪದ ಪಶ್ಚಿಮ ತುದಿಯ ಚೋಶು ಸೀಮೆಯಲ್ಲಿ ಹಾಗಿ ಕೋಟೆಪೇಟೆಯ ಕವಾಜಿ, ನಕಾಯಿ, ಒಕಾಮೊಟೊ, ಒಕಾದಾ ಮುಂತಾದ ಮನೆತನಗಳು ತಾವು ಚೋಶುವಿನ ಹಾಗಿಯ ನಿವಾಸಿಗಳೆಂದು ಸಹಿಯಲ್ಲಿಯೇ ಬರೆದುಕೊಳ್ಳುತ್ತಾರೆ. ಅವರ ಕಬ್ಬಿಣ ನುಣುಪು, ಗಿಡಬಳ್ಳಿ ಮತ್ತು ಭೂದೃಶ್ಯಗಳನ್ನು ಉಬ್ಬುಗೆತ್ತನೆಯಲ್ಲಿ ತೋರಿಸುವ ಕೈ ಬಹಳ ಪಳಗಿದ್ದು. ಎಡೊ ಇದ್ದ ಮುಸಾಶಿ ಸೀಮೆಗೆ ಬುಶು ಎಂಬ ಇನ್ನೊಂದು ಹೆಸರಿದ್ದುದರಿಂದ ಅಲ್ಲಿಯ ಇತೊ ಮನೆತನದವರು ಬುಶು ನಿವಾಸಿ ಎಂದು ಬರೆಯುತ್ತಾರೆ. ಎಚಿಜೆನ್ ಸೀಮೆಯ, ಅಂದರೆ ಇಂದಿನ ಫುಕುಯಿಯ, ಕಿನಾಯಿ ಎಂಬ ಹೆಸರು ತಲೆಮಾರುಗಳ ಕಾಲ ಸಹಿಯಲ್ಲಿ ಮುಂದುವರಿಯಿತು. ಬಿಲ್ಲೆಯ ತುಂಬ ಮೈಸುತ್ತಿಕೊಂಡ ಡ್ರ್ಯಾಗನ್ ಅವರ ನೆಚ್ಚಿನ ವಸ್ತು. ಚೋಶು ಮತ್ತು ಬುಶು ಕೆಲಸಗಳು ಎಷ್ಟೋ ಸಲ ಒಂದನ್ನೊಂದು ಹೋಲುತ್ತವೆ, ಏಕೆಂದರೆ ಚೋಶುವಿನ ಕರ್ಮಿಗಳಿಗೂ ಎಡೊ ನಗರಕ್ಕೂ ಕೊಡುಕೊಳು ಇತ್ತು.

ಆದರೆ ಸಹಿಯನ್ನೇ ನೆಚ್ಚಿದರೆ ಏನಾಗುತ್ತದೆಂಬುದಕ್ಕೆ ಬಿವಾ ಸರೋವರದ ದಡದ ಹಿಕೊನೆ ಊರಿನ ಸೋತೆನ್ ಉದಾಹರಣೆ. ಯೋಧರೂ ಚೀನೀ ಋಷಿಗಳೂ ಮರಗಳ ನಡುವೆ ಕಿಕ್ಕಿರಿದು ನಿಂತಿರುವ ಕೊರೆತದ ಅವನ ತ್ಸುಬಾಗಳು ಎಷ್ಟು ಜನಪ್ರಿಯವಾದವೆಂದರೆ, ಐಜು ಮೊದಲಾದ ದೂರದ ಊರುಗಳಲ್ಲಿಯೂ ಅದೇ ಶೈಲಿಯ ಕೆಲಸ ಹೇರಳವಾಗಿ ತಯಾರಾಯಿತು, ಅವುಗಳ ಮೇಲೆ ಸೋತೆನ್‌ನ ಉದ್ದನೆಯ ಸಹಿಯೂ ಹಿಕೊನೆಯ ಹೆಸರೂ ಸಲೀಸಾಗಿ ಏರಿತು. ಇಂದು ಸಿಗುವ ಸೋತೆನ್ ಸಹಿಯ ತ್ಸುಬಾಗಳಲ್ಲಿ ಅವನ ಕೈ ಮುಟ್ಟಿದವು ಬಹಳ ಸ್ವಲ್ಪ. ಊರ ಹೆಸರು ಕೆತ್ತಿದ್ದರೂ ಊರು ಅದಲ್ಲ ಎನ್ನುವ ಈ ಸ್ಥಿತಿಯಲ್ಲಿ ಪರೀಕ್ಷಕರು ಮತ್ತೆ ಮುಖಗಳ ಕೆತ್ತನೆ, ಚಿನ್ನ ಕೂರಿಸಿದ ಬಗೆ, ಕಬ್ಬಿಣದ ಗುಣ ಇವುಗಳಿಗೇ ಹಿಂತಿರುಗಬೇಕಾಗುತ್ತದೆ.

ಲೋಹದೊಳಗೆ ಲೋಹ ಕೂರಿಸುವ ಕೆಲಸವೂ ಸೀಮೆಗೆ ಒಳ್ಳೆಯ ಸಾಕ್ಷಿ. ಕ್ಯೋಟೊಗೆ ಸೇರಿಸುವ ಹೆಯಾಂಜೊ ಗುಂಪಿನವರು ಕಬ್ಬಿಣದಲ್ಲಿ ಹಿತ್ತಾಳೆಯ ಬಳ್ಳಿಗಳನ್ನು ಕೂರಿಸಿದರು. ಇಂದಿನ ಕಾನಾಜಾವಾ ಇರುವ ಕಾಗಾ ಸೀಮೆಯವರು, ಕುದುರೆಯ ರಿಕಾಪುಗಳ ಮೇಲೆ ಮಾಡುತ್ತಿದ್ದಂತೆಯೇ, ಬೆಳ್ಳಿ ಚಿನ್ನಗಳನ್ನು ತೋಡಿನೊಳಗೆ ಕೂರಿಸಿ ಮೇಲ್ಮೈಗೆ ಪೂರ್ತಿ ಸಮವಾಗುವಂತೆ ಉಜ್ಜಿದರು. ಶಿಕೊಕು ದ್ವೀಪದ ಅವಾ ಸೀಮೆಯಲ್ಲಿ ಚಿನ್ನದ ಹಾಳೆಯ ನುನೊಮೆ ಹೆಚ್ಚು. ಬೀದರಿನ ಬಿದ್ರಿ ಪಾತ್ರೆಯನ್ನು ಹತ್ತಿರದಿಂದ ನೋಡಿದ ಕನ್ನಡಿಗರಿಗೆ ಈ ಎರಡು ವಿಧಾನಗಳ ಭೇದ ಬೇಗ ಮನಸ್ಸಿಗೆ ಹತ್ತುತ್ತದೆ: ಬಿದ್ರಿಯಲ್ಲಿ ಬೆಳ್ಳಿಯ ತಂತಿ ಉಳಿಯಿಂದ ತೋಡಿದ ಕಾಲುವೆಯೊಳಗೆ ಇಳಿದು ಕೂರುತ್ತದೆ, ಕಾಗಾದ ಕೆಲಸ ಈ ಜಾತಿಗೆ ಸೇರಿದ್ದು; ನುನೊಮೆಯಲ್ಲಿ ಚಿನ್ನ ಮೇಲ್ಮೈಯ ಗೀರುಗಳನ್ನು ಕಚ್ಚಿಕೊಂಡು ನಿಲ್ಲುವುದರಿಂದ ಕಾಲಾಂತರದಲ್ಲಿ ಸವೆದು, ಅಡಿಯ ಗೀರುಗಳ ಜಾಲರಿ ಹೊರಬೀಳುತ್ತದೆ. ಇನ್ನೊಂದು ಸಂಬಂಧವೂ ಗಮನಾರ್ಹ. ಸತುವಿಗೆ ಸ್ವಲ್ಪ ತಾಮ್ರ ಬೆರೆತ ಬಿದ್ರಿಯ ಲೋಹ ಬೀದರಿನ ಕೋಟೆಯ ಮಣ್ಣಿನ ಉಪಚಾರದಿಂದ ಕಪ್ಪಾಗುವಂತೆಯೇ, ತಾಮ್ರಕ್ಕೆ ಕೆಲವೇ ಶೇಕಡ ಚಿನ್ನ ಬೆರೆಸಿದ ಜಪಾನಿನ ಶಕುದೊ ಎಂಬ ಮಿಶ್ರಲೋಹವೂ ರಾಸಾಯನಿಕ ದ್ರಾವಣದಲ್ಲಿ ಕಾಯಿಸಿದಾಗ ನೀಲಿ ಬೆರೆತ ಕಪ್ಪಾಗುತ್ತದೆ. ಎರಡರಲ್ಲಿಯೂ ಕಪ್ಪು ಬಣ್ಣ ಹಚ್ಚಿದ್ದಲ್ಲ, ಲೋಹದ ಮೈಯಲ್ಲಿಯೇ ಹುಟ್ಟಿದ್ದು.

1543ರಲ್ಲಿ ಪೋರ್ಚುಗೀಸರು ಮೊದಲ ಸಲ ಜಪಾನ್ ತಲುಪಿದ ಮೇಲೆ ಗೋವಾ, ಮಲಾಕಾ, ಮಕಾವೊ ಹಾದಿಯಲ್ಲಿ ಬಂದ ಹೊರಗಿನವರನ್ನೂ ಅವರ ವಸ್ತುಗಳನ್ನೂ ನಾನ್ಬಾನ್, ಅಂದರೆ ದಕ್ಷಿಣದ ಅನಾಗರಿಕರು, ಎಂದು ಕರೆಯುವುದು ರೂಢಿಗೆ ಬಂದಿತು. ಹೆಣೆದುಕೊಂಡ ಬಳ್ಳಿಗಳ ನಡುವೆ ಎದುರುಬದುರು ಡ್ರ್ಯಾಗನ್‌ಗಳಿರುವ ತ್ಸುಬಾಗಳಿಗೂ ಇದೇ ಹೆಸರು ಅಂಟಿದೆ. ಚೀನಾದ ಮತ್ತು ಡಚ್ಚರ ಕತ್ತಿಗಳ ಪ್ರಭಾವ ಅವುಗಳಲ್ಲಿ ಸ್ಪಷ್ಟ. ಇದನ್ನು ಒಂದು ಸೀಮೆಯ ಪರಂಪರೆ ಎನ್ನುವುದಕ್ಕಿಂತ ಹಲವು ಕಡೆ ಅನುಸರಿಸಿದ ಒಂದು ಶೈಲಿ ಎನ್ನುವುದು ಸರಿ. ನಾನ್ಬಾನ್ ಎಂದೊಡನೆ ನಾಗಸಾಕಿ ಎಂದು ಬರೆಯುವ ಅಭ್ಯಾಸವನ್ನು ಬಿಡಬೇಕು. ನಾಗಸಾಕಿಯದೇ ಎಂದು ಹೇಳಬಹುದಾದ ಜಾಕುಶಿ ಪರಂಪರೆಯ ಗುರುತು ಬೇರೆ: ಚೀನೀ ಮಸಿಚಿತ್ರದ ಬೆಟ್ಟ, ಬಿದಿರು, ದೋಣಿಗಳನ್ನು ಕಬ್ಬಿಣದ ಮೇಲೆ ತಗ್ಗಾದ ಉಬ್ಬಿನಲ್ಲಿ, ಅಲ್ಲಲ್ಲಿ ಚಿನ್ನದ ಸ್ಪರ್ಶದೊಡನೆ ತೋರಿಸುವುದು.

ಹಾನಿಯಾದ, ತಿದ್ದಿದ, ಎರಕ ಹೊಯ್ದ ತ್ಸುಬಾಗಳು ಪ್ರತಿ ಮಾರುಕಟ್ಟೆಯಲ್ಲಿಯೂ ಇವೆ. ಎರಕದ ನಕಲಿನಲ್ಲಿ ಕೊರೆತದ ಒಳಗೋಡೆಗಳೇ ಮೊದಲು ಗುಟ್ಟು ಬಿಟ್ಟುಕೊಡುತ್ತವೆ: ಅಲ್ಲಿ ಗರಗಸದ, ಅರದ ಗುರುತುಗಳಿಲ್ಲದೆ ಮೊಂಡಾದ ಮೂಲೆಗಳೂ ಗಾಳಿಗುಳ್ಳೆಯ ಸಣ್ಣ ಕುಳಿಗಳೂ ಇರುತ್ತವೆ. ಹಿತ್ಸು-ಅನ ಕಿಂಡಿಗಳನ್ನು ನಂತರದ ಕಾಲದಲ್ಲಿ ಕೊರೆದಿರಬಹುದು ಅಥವಾ ಸೀಸದಿಂದ ಇಲ್ಲವೆ ಶಕುದೊದಿಂದ ಮುಚ್ಚಿರಬಹುದು; ಕೊರೆದ ಕಿಂಡಿ ಚಿತ್ತಾರದ ಗೆರೆಯನ್ನು ಕಡಿದಿದ್ದರೆ ಅದು ಆ ತ್ಸುಬಾ ಹುಟ್ಟಿದಾಗಿನದಲ್ಲ, ಅದರ ಆಕಾರವನ್ನು ನೋಡಿ ಸೀಮೆ ಹೇಳುವಂತಿಲ್ಲ. ತುಕ್ಕನ್ನು ಆಮ್ಲದಿಂದಲೋ ಉಕ್ಕಿನ ನಾರಿನಿಂದಲೋ ತೆಗೆದವರು ಕಬ್ಬಿಣದ ಬಣ್ಣವನ್ನೂ ತೆಗೆದಿರುತ್ತಾರೆ, ಅಲ್ಲಿಗೆ ಮತಾಶಿಚಿ ಯಾರು, ರಾಕುಜು ಯಾರು ಎಂದು ಹೇಳಬಲ್ಲ ಮುಖ್ಯ ಸಾಕ್ಷಿಯೇ ಹೋದಂತೆ. ಜಿಂಕೆಯ ಕೊಂಬಿನಿಂದಲೋ ಮೂಳೆಯಿಂದಲೋ ಕೆಂಪು ತುಕ್ಕನ್ನು ಮಾತ್ರ ತಾಳ್ಮೆಯಿಂದ ಎಬ್ಬಿಸಿ, ಹತ್ತಿಬಟ್ಟೆಯಿಂದ ಉಜ್ಜುತ್ತಾ ಬರುವುದು ಜಪಾನಿನ ಹಳೆಯ ಕ್ರಮ. ಸಂಗ್ರಹಾಲಯವಿರಲಿ, ಖಾಸಗಿ ಸಂಗ್ರಹವಿರಲಿ, ಇದಕ್ಕಿಂತ ಹೆಚ್ಚಿನದನ್ನು ಮಾಡಲು ಹೋಗಬಾರದು.

ಎಲ್ಲವನ್ನೂ ಸರಿಯಾಗಿ ನೋಡಿದ ಮೇಲೂ ಸೀಮೆ ಹೇಳಲಾಗದ ತ್ಸುಬಾಗಳು ಉಳಿಯುತ್ತವೆ, ಅವುಗಳ ದೊಡ್ಡ ಪಾಲು ಶೋಆಮಿ ಎಂಬ ಹೆಸರಿನಡಿ ಬರುತ್ತದೆ. ಕ್ಯೋಟೊದಲ್ಲಿ ಹುಟ್ಟಿದ ಈ ಪರಂಪರೆಯ ಶಾಖೆಗಳು ಉತ್ತರದ ಅಕಿತಾ ಮತ್ತು ಐಜುಗಳಿಂದ ಹಿಡಿ‌ದು ಶಿಕೊಕು ದ್ವೀಪದ ಇಯೊ, ಅವಾ ಸೀಮೆಗಳವರೆಗೆ ಹಬ್ಬಿ, ಹೋದಲ್ಲೆಲ್ಲ ಅಲ್ಲಿಯ ಬೇಡಿಕೆಗೆ ತಕ್ಕಂತೆ ಮಾರ್ಪಟ್ಟವು. ಆದ್ದರಿಂದ ಯಾವ ಗುಂಪಿಗೂ ಹೊಂದದ ಕಬ್ಬಿಣದ ತ್ಸುಬಾ ಕಂಡಾಗಲೆಲ್ಲ ಶೋಆಮಿ ಎಂದುಬಿಡುವ ಚಾಳಿ ಬೆಳೆದಿದೆ. ಸಹಿಯೋ ಖಚಿತವಾದ ಹೋಲಿಕೆಯೋ ಇರುವಲ್ಲಿ ಅಕಿತಾ ಶೋಆಮಿ, ಐಜು ಶೋಆಮಿ ಎಂದು ಸೀಮೆಯನ್ನು ಕೂಡಿಸಿ ಹೇಳುವುದು ನ್ಯಾಯ. ಅದು ಇಲ್ಲದಲ್ಲಿ ಸೀಮೆಯ ಹೆಸರನ್ನು ಬಿಟ್ಟು, ಕಾಲವನ್ನೂ ಕಬ್ಬಿಣದ ಗುಣವನ್ನೂ ಕೆಲಸದ ವಿಧಾನವನ್ನೂ ಮಾತ್ರ ದಾಖಲಿಸುವುದು ಇನ್ನೂ ನ್ಯಾಯ. 1948ರಲ್ಲಿ ಸ್ಥಾಪನೆಯಾದ, ಕತ್ತಿಗಳನ್ನೂ ಅವುಗಳ ಅಂಗಗಳನ್ನೂ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಜಪಾನಿನ ಕಲಾತ್ಮಕ ಕತ್ತಿಗಳ ಸಂರಕ್ಷಣಾ ಸಂಘದ ಪರೀಕ್ಷಕರು ತಮ್ಮ ಪತ್ರಗಳಲ್ಲಿ ಪರಂಪರೆಯ ಹೆಸರಿಗೆ ಮೊದಲು ಕೆಲವೊಮ್ಮೆ ‘ದೆನ್’ ಎಂದು ಸೇರಿಸುತ್ತಾರೆ. ಹೆಸರಿಸಿದ ಪರಂಪರೆಯ ಮುಖ್ಯ ಲಕ್ಷಣಗಳಿದ್ದರೂ ಯಾವುದೋ ಒಂದು ಅಂಶ ಪೂರ್ತಿ ಹೊಂದುತ್ತಿಲ್ಲವೆಂಬ ಸೂಚನೆ ಅದು. ಸಂಗ್ರಹಾಲಯಗಳ ವಿವರಪಟ್ಟಿಗಳಲ್ಲಿ ಈ ಅರೆಸಂದೇಹವನ್ನು ಬಿಟ್ಟು ಬರೀ ಒವಾರಿ, ಬರೀ ಹಿಗೊ ಎಂದು ನಮೂದಿಸಿದಾಗ ಮುಂದೆ ಬರುವ ಪರೀಕ್ಷಕರು ಆ ನಮೂದನ್ನೇ ಆಧಾರವಾಗಿ ಹಿಡಿದು ಇನ್ನೊಂದು ತ್ಸುಬಾವನ್ನು ಅದಕ್ಕೆ ಹೋಲಿಸುತ್ತಾರೆ, ಒಂದು ಊಹೆಯ ಮೇಲೆ ಇನ್ನೊಂದು ಊಹೆ ಕೂರುತ್ತದೆ. ಹಳೆಯ ಪಟ್ಟಿಗಳಲ್ಲಿ ಶೋಆಮಿ ಎಂಬ ಹೆಸರು ಇಷ್ಟು ಉದ್ದ ಬೆಳೆದದ್ದು ಬಹುಪಾಲು ಈ ಬಗೆಯಲ್ಲಿಯೇ.